ಗೋಡೆ ಕೆಡವದೆ ಬಾಗಿಲು ತೆರೆಯೋಣ

ಹರಿಹರದಲ್ಲಿ ನನ್ನ ಬಂಧುವೊಬ್ಬರ ಡಿಟಿಪಿ ಅಂಗಡಿಯಿದೆ. ಮೂರು ಕಂಪ್ಯೂಟರ್‌ಗಳು, ಅವುಗಳಲ್ಲೊಂದಕ್ಕೆ ಜೋಡಿಸಿದ ಪ್ರಿಂಟರ್ ಮೂರಕ್ಕೂ ಆಸರೆ. ಮದುವೆಯ ಹಂಗಾಮಿನಲ್ಲಿ ಹೊಸ ರೂಟರ್ ಅಳವಡಿಸಿದ ದಿನ ಆ ಪ್ರಿಂಟರ್ ಉಳಿದೆರಡಕ್ಕೆ ಕಾಣದಾಯಿತು. ದಾವಣಗೆರೆಯಿಂದ ಬಂದ ತಂತ್ರಜ್ಞರು ಫೈರ್‌ವಾಲನ್ನೇ ಸ್ಥಗಿತಗೊಳಿಸಿದರು. ಲಗ್ನಪತ್ರಿಕೆಗಳು ಅಚ್ಚಾದವು. ತಿಂಗಳುಗಳ ತರುವಾಯ ನಾನು ನೋಡಿದಾಗಲೂ ಅದು ಸ್ಥಗಿತವಾಗಿಯೇ ಇತ್ತು. ಗಿರಾಕಿಗಳೂ ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದೇ ವೈ-ಫೈ ಬಳಸುತ್ತಿದ್ದರು.

ತಂತ್ರಜ್ಞರನ್ನು ದೂರುವುದು ಸುಲಭ. ದಾವಣಗೆರೆಯ ನನ್ನ ಮನೆಯಲ್ಲಿ ನಾನೂ ಒಮ್ಮೆ ಇದನ್ನೇ ಮಾಡಿದ್ದೇನೆ. ಪ್ರಿಂಟರ್ ಸಿಗುತ್ತಿಲ್ಲವೆಂದು ಹೇಳುವ ಕಂಪ್ಯೂಟರ್, ಅದನ್ನು ತಡೆದವರಾರೆಂದು ಹೇಳುವುದಿಲ್ಲ.

ಒಂದೇ ಜಾಲದಲ್ಲಿರುವ ಯಂತ್ರಗಳು 'ಇಲ್ಲಿ ಯಾರಿದ್ದೀರಿ?' ಎಂದು ಕೂಗಿ, ಬಂದ ಉತ್ತರದಿಂದ ಪರಸ್ಪರ ಗುರುತು ಹಿಡಿಯುತ್ತವೆ. ವಿಂಡೋಸ್ ಹೊಸ ಜಾಲವನ್ನು 'ಪಬ್ಲಿಕ್' ಎಂದು ಪರಿಗಣಿಸಿದರೆ ಆ ಕೂಗಿಗೆ ಓಗೊಡುವುದಿಲ್ಲ. ರೈಲು ನಿಲ್ದಾಣದಲ್ಲಿ ಇದು ವಿವೇಕ. ಸ್ವಂತ ಅಂಗಡಿಯಲ್ಲಿ ಅಡಚಣೆ.

ಈ ಎಚ್ಚರ ಅಕಾರಣವಾಗಿ ಹುಟ್ಟಿದ್ದಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇದ್ದರೂ ಮೊದಲು ತಾನಾಗಿ ಚಾಲೂ ಆಗುತ್ತಿರಲಿಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಹುಳು ಜಗತ್ತಿನಾದ್ಯಂತ ಹಾವಳಿ ಮಾಡಿತು. ಮರುವರ್ಷದ ಆಗಸ್ಟ್‌ನಲ್ಲಿ ಬಂದ ಎರಡನೇ ಸರ್ವೀಸ್ ಪ್ಯಾಕ್ ಅದನ್ನು ತಾನಾಗಿ ಚಾಲೂ ಆಗುವಂತೆ ಮಾಡಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ, ವಿಂಡೋಸ್‌ನ ಕಡತ ಹಂಚಿಕೆ ಸೇವೆಯ ದೋಷವನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಮಾರ್ಚ್‌ನಲ್ಲೇ ಬಂದಿದ್ದ ತಿದ್ದುಪಡಿಯನ್ನು ಅಳವಡಿಸಿಕೊಳ್ಳದವರು ಬೆಲೆ ತೆತ್ತರು. ಅಂಗಡಿಗಳಲ್ಲಿ ಪ್ರಿಂಟರ್ ಹಂಚಿಕೊಳ್ಳುವುದೂ ಸಾಮಾನ್ಯವಾಗಿ ಅದೇ ಸೇವೆಯ ಮೂಲಕ.

ಹಾಗೆಂದು ಹಂಚಿಕೆಯನ್ನೇ ಬಿಡಬೇಕಿಲ್ಲ. ಅಂಗಡಿಯ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸಿ, ಪ್ರಿಂಟರ್ ಹಂಚಿಕೆಗೆ ಮಾತ್ರ ಅನುಮತಿಯಿತ್ತು, ಫೈರ್‌ವಾಲನ್ನು ಚಾಲೂ ಇಡಬಹುದು. ಗಿರಾಕಿಗಳಿಗೆ ಪ್ರತ್ಯೇಕ ಅತಿಥಿ ವೈ-ಫೈ ಕೊಡಬಹುದು. ಹರಿಹರದಲ್ಲಿ ನಾವು ಹಾಗೆಯೇ ಮಾಡಿದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆದರೆ ಈ ಹೊಣೆ ಅಂಗಡಿಕಾರನೊಬ್ಬನದೇ ಆಗಬಾರದು. ಬಹುಪಾಲು ಬಳಕೆದಾರರು ತಯಾರಕರು ಇಟ್ಟ ವ್ಯವಸ್ಥೆಯನ್ನು ಬದಲಿಸುವುದೇ ಇಲ್ಲ. ಬದಲಿಸಿದರೆ ಕೆಲಸ ಕೆಟ್ಟ ದಿನ, ಅವಸರದಲ್ಲಿ. ಆ ಗಳಿಗೆಯಲ್ಲಿ ಕಂಪ್ಯೂಟರ್ ಸ್ಪಷ್ಟ ಕನ್ನಡದಲ್ಲಿ 'ಪ್ರಿಂಟರನ್ನು ಫೈರ್‌ವಾಲ್ ತಡೆಯುತ್ತಿದೆ. ಈ ಜಾಲದಲ್ಲಿ ಅದಕ್ಕೆ ಮಾತ್ರ ದಾರಿ ಬಿಡಲೇ?' ಎಂದು ಕೇಳಲಿ. ಕಾರಣ ಹೇಳದೆ ತಡೆಯುವ ಕಾವಲುಗಾರನನ್ನು ಮನೆಯೊಡೆಯನೇ ಹೊರಗಟ್ಟುತ್ತಾನೆ. ಅನಂತರ ಕಳ್ಳ ಬಂದರೆ ತಪ್ಪು ಒಡೆಯನೊಬ್ಬನದಲ್ಲ.