ಬಿರುಕು ಬಿಟ್ಟ ಹಲ್ಲನ್ನು ಕೀಳಿಸಲೇಬೇಕೆ?

ಹುರಿದ ಶೇಂಗಾ ಜಗಿಯುವಾಗ ಸಣ್ಣ ಕಲ್ಲೊಂದು ದವಡೆ ಹಲ್ಲಿಗೆ ಸಿಕ್ಕಿ ‘ಕಟ್’ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತದೆ. ಆದರೆ ಮರುದಿನ ಕಡಕ್ ರೊಟ್ಟಿ ಕಚ್ಚಿ ಬಿಟ್ಟಾಗ ಚುಳ್ ಎನ್ನುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಇದು ಹಲ್ಲು ಬಿರುಕು ಬಿಟ್ಟಿರುವ ಲಕ್ಷಣವಿರಬಹುದು. ಆಗ ನಮಗೆ ಸಿಗುವ ಸಲಹೆ ಎರಡೇ: ‘ಲವಂಗ ಇಟ್ಟುಕೊಳ್ಳಿ’, ಇಲ್ಲವೇ ‘ಕೀಳಿಸಿಬಿಡಿ’.

ಬಿರುಕು ತಾನಾಗಿ ಕೂಡುತ್ತದೆಯೇ?

ಇಲ್ಲ. ಮುರಿದ ಮೂಳೆ ಕೂಡುತ್ತದೆ, ಏಕೆಂದರೆ ಅದರಲ್ಲಿ ಜೀವಕೋಶಗಳಿವೆ. ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಅವಿಲ್ಲ. ಲವಂಗದೆಣ್ಣೆ ನೋವನ್ನು ತುಸು ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ. ಪ್ರತಿ ಸಲ ಜಗಿದಾಗಲೂ ಕಟ್ಟಿಗೆಗೆ ಬೆಣೆ ಹೊಡೆದಂತೆ ಬಿರುಕು ಆಳಕ್ಕಿಳಿಯಬಹುದು.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗುವಂತಿಲ್ಲ. ಇಂಥ ಬಿರುಕು ಹಲವು ಬಾರಿ ಅದರಲ್ಲಿ ಮೂಡುವುದೇ ಇಲ್ಲ. ಒಂದೊಂದೇ ಹಲ್ಲಿನಿಂದ ಕಚ್ಚಿಸಿ, ಬೆಳಕು ಹಾಯಿಸಿ ವೈದ್ಯರು ಪತ್ತೆ ಮಾಡುತ್ತಾರೆ.

ಚಿಕಿತ್ಸೆ ಏನೇನು?

ಬಿರುಕಿನ ಆಳವೇ ಅದನ್ನು ನಿರ್ಧರಿಸುತ್ತದೆ.

• ಎನಾಮಲ್ ಮೇಲಿನ ಕೂದಲೆಳೆಯಂಥ ಗೆರೆಗಳು: ನೋವಿಲ್ಲದಿದ್ದರೆ ಚಿಕಿತ್ಸೆ ಬೇಡ.
• ಹಲ್ಲಿನ ಮೂಲೆ ಮುರಿದಿದ್ದರೆ: ಸಿಮೆಂಟ್ ತುಂಬುವುದು ಅಥವಾ ಕ್ಯಾಪ್.
• ಬಿರುಕು ಒಳಕ್ಕಿಳಿದು, ತಿರುಳು ಆರೋಗ್ಯವಾಗಿದ್ದರೆ: ಕ್ಯಾಪ್. ಅದು ಹಲ್ಲನ್ನು ಗಾಡಿ ಗಾಲಿಯ ಕಬ್ಬಿಣದ ಪಟ್ಟಿಯಂತೆ ಬಿಗಿಹಿಡಿಯುತ್ತದೆ.
• ತಿರುಳಿಗೆ ಸೋಂಕು ತಗುಲಿದ್ದರೆ: ರೂಟ್ ಕೆನಾಲ್, ನಂತರ ಕ್ಯಾಪ್.
• ಹಲ್ಲು ಎರಡು ಹೋಳಾಗಿದ್ದರೆ ಅಥವಾ ಬೇರೇ ಸೀಳಿದ್ದರೆ: ಹೆಚ್ಚಾಗಿ ಕೀಳಬೇಕಾಗುತ್ತದೆ.

ಎಷ್ಟು ಹಲ್ಲು ಉಳಿಯುತ್ತವೆ?

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಿರುಳು ಇನ್ನೂ ಚೇತರಿಸಿಕೊಳ್ಳಬಹುದಾಗಿದ್ದ 127 ಬಿರುಕು ಹಲ್ಲುಗಳಿಗೆ ಕ್ಯಾಪ್ ಹಾಕಲಾಯಿತು. ಆರು ತಿಂಗಳಲ್ಲಿ ಐದರಲ್ಲಿ ಒಂದಕ್ಕೆ ಮಾತ್ರ ರೂಟ್ ಕೆನಾಲ್ ಬೇಕಾಯಿತು. ಸಿಂಗಪುರದ 2006ರ ಅಧ್ಯಯನದಲ್ಲಿ ರೂಟ್ ಕೆನಾಲ್ ಆದ 50 ಬಿರುಕು ಹಲ್ಲುಗಳ ಪೈಕಿ ಶೇ 85ರಷ್ಟು ಎರಡು ವರ್ಷದ ನಂತರವೂ ಉಳಿದಿದ್ದವು. ಅಂದರೆ ಬೇಗ ಹೋದರೆ ಹಲ್ಲು ಉಳಿಯುವ ಸಾಧ್ಯತೆಯೇ ಹೆಚ್ಚು.

ಎರಡು ತಪ್ಪು ತಿಳಿವಳಿಕೆ

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಭಯದಿಂದ ಹಲವರು ಆಸ್ಪತ್ರೆಗೇ ಹೋಗುವುದಿಲ್ಲ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಇನ್ನು, ಹಲ್ಲಿನ ಮೇಲಿನ ಕಂದು ಪಟ್ಟಿಗಳೆಲ್ಲ ಬಿರುಕಲ್ಲ. ಕೂಡ್ಲಿಗಿ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನಲ್ಲಿ ಉಳಿಯುವ ಕಲೆಯೇ ಫ್ಲೋರೋಸಿಸ್. ಅದು ತೀವ್ರವಾದರೆ ಎನಾಮಲ್ ಚಕ್ಕೆಯೇಳಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸೋಣ. ಹೆಚ್ಚಿನ ಚಿಕಿತ್ಸೆಗೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಹರಪನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆಯ ದಂತ ಕಾಲೇಜುಗಳು ಹತ್ತಿರ. ಹಗರಿಬೊಮ್ಮನಹಳ್ಳಿ, ಹಡಗಲಿಯಿಂದ ದಾರಿ ಇನ್ನೂ ದೂರವೇ. ಆದರೆ ಸುಗ್ಗಿ ಮುಗಿಯಲಿ ಎಂದು ಕಾದರೆ ಕ್ಯಾಪ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಹಲ್ಲನ್ನೇ ಕಳೆಯಬಹುದು. ಹೋಗುವ ತನಕ ಆ ಬದಿಯಲ್ಲಿ ಜಗಿಯದಿರೋಣ. ಮುಖ ಊದಿದರೆ ಅಥವಾ ಜ್ವರ ಬಂದರೆ ಅಂದೇ ಹೊರಡಬೇಕು.