ಮೀನುಮರಿಗೆ ಅಣಬೆ ಸಾರ: ಕೊಳದ ರೈತರಿಗೆಷ್ಟು ಉಪಯೋಗ?

ಆಹಾರದ ವಿಷದಿಂದ ಮೀನಿನ ಭ್ರೂಣವನ್ನು ಅಣಬೆಯ ಸಾರ ಕಾಪಾಡಬಲ್ಲದೇ ಎಂಬ ಪ್ರಯೋಗಗಳು ದೇಶವಿದೇಶಗಳಲ್ಲಿ ನಡೆದಿವೆ. ಇದನ್ನು ಕೇಳಿದ ಮೀನು ಸಾಕಣೆಗಾರರು ಅಣಬೆ ಪುಡಿಗೆ ಹಣ ಹಾಕುವ ಮೊದಲು ಕೆಲವು ವಿಷಯಗಳನ್ನು ತಿಳಿಯುವುದು ಒಳ್ಳೆಯದು.

ವಿಷ ಯಾವುದು?

ಹಿಂಡಿ, ತೌಡುಗಳಿಗೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಅದೇ ಸುಮಾರಿಗೆ ಅಮೆರಿಕದಲ್ಲಿ ಸಾಕಿದ ಟ್ರೌಟ್ ಮೀನುಗಳಲ್ಲಿ ಯಕೃತ್ತಿನ ಗಡ್ಡೆ ಕಾಣಿಸಿತು. ಅದರ ಮೂಲ ಹತ್ತಿಬೀಜದ ಹಿಂಡಿಯಲ್ಲಿತ್ತು. ನಮ್ಮ ಕಾಟ್ಲಾ, ರೋಹು ಟ್ರೌಟಿನಷ್ಟು ಸೂಕ್ಷ್ಮವಲ್ಲ. ಆದರೂ ವಿಷ ತಿಂದ ಮರಿ ಸರಿಯಾಗಿ ಬೆಳೆಯದು, ರೋಗಕ್ಕೆ ಬೇಗ ತುತ್ತಾಗುತ್ತದೆ. ಸಾವು ಒಮ್ಮೆಲೇ ಕಾಣದ ಕಾರಣ ರೈತರು ನೀರನ್ನೋ ಮರಿಯ ತಳಿಯನ್ನೋ ದೂರುತ್ತಾರೆ.

ಕರಾವಳಿಯಲ್ಲಿ ಈ ಅಪಾಯ ಹೆಚ್ಚು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ. ಗೆಂಡೆ ಜಾತಿಯ ಮರಿಗಳನ್ನು ಸಾಕುವುದೂ ಮಳೆಗಾಲದಲ್ಲೇ, ಹಿಂಡಿ ತೇವ ಹೀರಿ ಬೂಷ್ಟು ಹಿಡಿಯುವುದೂ ಆಗಲೇ.

ಪ್ರಯೋಗ ಹೇಳುವುದೇನು?

ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಬಳಸುವುದು ಜೀಬ್ರಾ ಮೀನಿನ ಭ್ರೂಣ. ಮೊಟ್ಟೆ ಪಾರದರ್ಶಕ, ಎರಡು ಮೂರು ದಿನಗಳಲ್ಲಿ ಒಡೆಯುತ್ತದೆ. ಒಳಗಿನ ಅಂಗಗಳಿಗಾಗುವ ಹಾನಿ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಆದರೆ ಭ್ರೂಣ ಆಹಾರ ತಿನ್ನುವುದಿಲ್ಲ. ವಿಷವನ್ನೂ ಸಾರವನ್ನೂ ಅದು ಇರುವ ನೀರಿಗೇ ಅಳೆದು ಬೆರೆಸುತ್ತಾರೆ. ಕೊಳದ ಮರಿಯಾದರೋ ವಾರಗಟ್ಟಲೆ ಮೇವಿನ ಜೊತೆ ವಿಷ ನುಂಗುತ್ತದೆ. ಬಟ್ಟಲಿನಲ್ಲಿ ಸಿಕ್ಕ ಫಲ ಕೊಳದಲ್ಲೂ ಸಿಗುವುದೆಂದು ಹೇಳಲಾಗದು. ಚಿಪ್ಪು ಅಣಬೆಯ ಕಿಣ್ವಗಳು ಅಫ್ಲಾಟಾಕ್ಸಿನನ್ನು ಒಡೆಯಬಲ್ಲವೆಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಸಂಶೋಧನೆ ಮುಂದುವರಿಯಬೇಕಾದದ್ದೇ, ಆದರೆ ಅದನ್ನೇ ನೆಚ್ಚಿ ಕೆಟ್ಟ ಹಿಂಡಿ ಹಾಕುವುದು ಸಲ್ಲದು. ಗುಡ್ಡದ ಅಣಬೆ ಕುದಿಸಿ ಕೊಳಕ್ಕೆ ಸುರಿಯುವುದಂತೂ ಬೇಡ; ಅದರಲ್ಲಿ ವಿಷದ ಜಾತಿಗಳೂ ಇರುತ್ತವೆ.

ಈಗ ಮಾಡಬೇಕಾದದ್ದು

* ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟೇ ಹಿಂಡಿ, ತೌಡು ಕೊಳ್ಳಿ.
* ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಹಳೆಯದನ್ನು ಮೊದಲು ಮುಗಿಸಿ.
* ಗಂಟುಕಟ್ಟಿದ, ಮುಗ್ಗಲು ವಾಸನೆಯ, ಹಸಿರು ಹುಡಿ ಕಂಡ ಮೇವನ್ನು ಹಾಕಬೇಡಿ. ಒಣಗಿಸಿದರೆ ಬೂಷ್ಟಿನ ಬೆಳವಣಿಗೆ ನಿಂತೀತು, ಕುದಿಸಿದರೆ ಸತ್ತೀತು. ಆಗಲೇ ಸೇರಿದ ವಿಷ ಮಾತ್ರ ಹೋಗದು.
* ಅದನ್ನು ದನಕ್ಕೂ ಕೊಡಬೇಡಿ. ವಿಷದ ಅಂಶ ಹಾಲಿಗೆ ಇಳಿಯುತ್ತದೆ.

ಸಂಶಯವಿದ್ದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ತಜ್ಞರನ್ನಾಗಲಿ ವಿಚಾರಿಸಿ. ಅಣಬೆ ಪುಡಿಗೆ ಹಾಕುವ ಹಣವನ್ನು ಚೀಲದಡಿಯ ಹಲಗೆಗೆ ಹಾಕಿದರೆ ಈ ಮಳೆಗಾಲದಲ್ಲೇ ಲಾಭವುಂಟು.