ಅಗ್ಗದ ಕೋವಿ, ದುಬಾರಿ ಫೋಟೋ

ಭಾಗ 1: ಮೊದಲು ವೀಸಾ ನೋಡ್ಕೊಳ್ಳಿ

ಅಮೆರಿಕಕ್ಕೆ ಎಂಎಸ್ ಮಾಡೋಕೆ ಬಂದಿರೋ ನಮ್ಮ ಬ್ಯಾಚ್‌ನವರು ಕೇಳ್ತಾ ಇರೋದು ಒಂದೇ ಪ್ರಶ್ನೆ. ವೀಕೆಂಡ್‌ನಲ್ಲಿ ಕ್ಲೇ ಶೂಟಿಂಗ್ ಮಾಡೋಕೆ ಕಡಿಮೆ ದುಡ್ಡಲ್ಲಿ ಯಾವ ಶಾಟ್‌ಗನ್ ಒಳ್ಳೇದು? ಉತ್ತರ ಹೇಳ್ತೀನಿ. ಆದರೆ ಅದಕ್ಕೂ ಮೊದಲು ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ: ನೀವು ಕೋವಿ ಮುಟ್ಟಬಹುದಾ?

ಎಫ್-1, ಎಚ್-1ಬಿ, ಬಿ-2 ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು. ಈ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತೆ ಅಮೆರಿಕದ ಫೆಡರಲ್ ಕಾನೂನು. "ನಾನು ಕೊಂಡ್ಕೊಂಡಿಲ್ಲ, ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡೆ" ಅಂದ್ರೆ ತಪ್ಪಿಸಿಕೊಂಡ ಹಾಗಲ್ಲ. ಕೈಯಲ್ಲಿ ಹಿಡಿದು ಗುಂಡು ಹೊಡೆದರೆ ಅದೂ ಇಟ್ಟುಕೊಂಡ ಲೆಕ್ಕಕ್ಕೇ ಬರುತ್ತೆ. 2022ರ ತಿದ್ದುಪಡಿ ಆದಮೇಲೆ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ವೀಸಾ ಕಥೆ ಏನಾಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ವಿನಾಯಿತಿ ಇದೆ. ಹೆಚ್ಚಿನವರಿಗೆ ಅನ್ವಯಿಸೋದು ಅಂದ್ರೆ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಕ್ಕೆ ಮೊದಲು ಸುರಕ್ಷತೆಯ ಕೋರ್ಸ್ ಮುಗಿಸಬೇಕು ಅಂತ ಬಹಳಷ್ಟು ರಾಜ್ಯಗಳು ಕೇಳ್ತವೆ. ಆ ಕೋರ್ಸನ್ನ ಕಾಟಾಚಾರಕ್ಕೆ ಮಾಡಬೇಡಿ, ನಿಜವಾಗಿ ಕಲಿಯಿರಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಆದರೂ ರಾಜ್ಯಕ್ಕೊಂದು ಕಾನೂನು ಇರೋದರಿಂದ ನಿಮ್ಮ ರಾಜ್ಯದ್ದು ನೋಡ್ಕೊಳ್ಳಿ.

ಕೊಡಗಿನ ಗೆಳೆಯರಿಗೊಂದು ಮಾತು. ಊರಲ್ಲಿ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದವರು ನೀವು, ಗೊತ್ತು. ಅಲ್ಲಿ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದೂ ಗೊತ್ತು. ಆದರೆ ಆ ವಿನಾಯಿತಿ ಸಮುದ್ರ ದಾಟಲ್ಲ.

ರೇಂಜ್‌ನಲ್ಲಿ ಕೋವಿ ಹಿಡಿದು ನಿಂತ ಫೋಟೋ ಹಾಕೋ ಮುಂಚೆ ಯೋಚನೆ ಮಾಡಿ. ಹೆಸರು, ಜಾಗ, ತಾರೀಖು ಎಲ್ಲ ಸೇರಿಸಿ ಸಾಕ್ಷಿಯನ್ನ ನಾವೇ ಕೈಯಾರೆ ಕೊಟ್ಟ ಹಾಗೆ.

ಭಾಗ 2: ಖರ್ಚಿನ ಲೆಕ್ಕ

ಸರಿ, ನಿಮಗೆ ಕಾನೂನಿನ ಅಡ್ಡಿ ಇಲ್ಲ ಅಂತಿಟ್ಟುಕೊಳ್ಳೋಣ. ಆಟ ಸರಳ. ಯಂತ್ರ ಒಂದು ಸಣ್ಣ ಬಿಲ್ಲೆಯನ್ನ ಗಾಳಿಗೆ ಎಸೆಯುತ್ತೆ, ಅದು ನೆಲಕ್ಕೆ ಬೀಳೋ ಮುಂಚೆ ಒಡೀಬೇಕು. ಬಿಲ್ಲೆಯ ಅಗಲ ಸುಮಾರು 11 ಸೆಂಟಿಮೀಟರ್. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ಇದೇ ಆಟದ ಒಂದು ಬಗೆ.

ಒಂದು ರೌಂಡ್ ಅಂದ್ರೆ 25 ಬಿಲ್ಲೆ. ತಿಂಗಳಿಗೆ 4 ರೌಂಡ್ ಆಡಿದರೆ ವರ್ಷಕ್ಕೆ 1,200 ತೋಟಾ ಬೇಕು. 25 ತೋಟಾದ ಡಬ್ಬಕ್ಕೆ 10 ಡಾಲರ್ ಅಂತ ಹಿಡಿದರೂ 480 ಡಾಲರ್ ಆಯ್ತು. ಮೇಲೆ ಕ್ಲಬ್ ಫೀಸು, ಪೆಟ್ರೋಲು ಬೇರೆ. ಅಂದ್ರೆ ಕೋವಿಯ ಬೆಲೆಯಲ್ಲಿ 200 ಡಾಲರ್ ಉಳಿಸಿದ್ದು ಅರ್ಧ ವರ್ಷಕ್ಕೂ ಬಾಳಲ್ಲ. ಹಾಗಾಗಿ ಯಾವುದು ಅತಿ ಅಗ್ಗ ಅಂತ ಕೇಳಬೇಡಿ, ಯಾವುದರಲ್ಲಿ 1,200 ಸಲ ಹೊಡೆದರೂ ಭುಜ ನೋಯಲ್ಲ ಅಂತ ಕೇಳಿ.

ಭಾಗ 3: ಹಾಗಾದ್ರೆ ಯಾವುದು?

ಎಲ್ಲರೂ ಮೊದಲು ಹೇಳೋದು ಪಂಪ್ ಆಕ್ಷನ್: ಮಾವೆರಿಕ್ 88, ಮಾಸ್‌ಬರ್ಗ್ 500, ರೆಮಿಂಗ್ಟನ್ 870. ಅಗ್ಗ, ಗಟ್ಟಿಮುಟ್ಟು. ಆದರೆ ಪ್ರತಿ ಹೊಡೆತಕ್ಕೂ ಕೈಯಿಂದ ಎಳೆದು ತಳ್ಳಬೇಕು. ಸ್ಕೀಟ್‌ನಲ್ಲಿ ಎರಡು ಬಿಲ್ಲೆ ಒಟ್ಟಿಗೆ ಹಾರಿದಾಗ ಹೊಸಬರ ಗಮನವೆಲ್ಲ ಎಳೆಯೋದರ ಮೇಲೇ ಹೋಗುತ್ತೆ. ಹೊಡೆದಾಗ ಬರೋ ಒದೆತವೂ ಪೂರ್ತಿ ಭುಜಕ್ಕೇ.

ಒಂದರ ಮೇಲೊಂದು ನಳಿಗೆ ಇರೋ ಓವರ್-ಅಂಡರ್ ಈ ಆಟಕ್ಕೆ ಹೇಳಿ ಮಾಡಿಸಿದ್ದು. ಮಡಚಿದರೆ ಖಾಲಿ ಇದೆ ಅಂತ ದೂರದಿಂದಲೇ ಎಲ್ಲರಿಗೂ ಕಾಣುತ್ತೆ. ಆದರೆ ಬ್ರೌನಿಂಗ್, ಬೆರೆಟ್ಟಾದಂಥ ಒಳ್ಳೆಯದು ಹೊಸದಾಗಿ ಬೇಕು ಅಂದ್ರೆ ವಿದ್ಯಾರ್ಥಿ ಜೇಬಿಗೆ ಆಗೋ ಮಾತಲ್ಲ.

ನನ್ನ ಮತ ಸೆಕೆಂಡ್ ಹ್ಯಾಂಡ್ ಗ್ಯಾಸ್ ಸೆಮಿ-ಆಟೋಗೆ. ಉದಾಹರಣೆಗೆ 1963ರಲ್ಲಿ ಬಂದ ರೆಮಿಂಗ್ಟನ್ 1100. ಸಿಡಿದ ಮದ್ದಿನ ಅನಿಲದ ಒಂದು ಪಾಲು ಮುಂದಿನ ತೋಟಾ ಏರಿಸೋ ಕೆಲಸಕ್ಕೆ ಹೋಗೋದರಿಂದ ಒದೆತ ಮೆತ್ತಗೆ ಅನಿಸುತ್ತೆ. ತೊಂದರೆ ಇಲ್ಲ ಅಂತಲ್ಲ: ಆಗಾಗ ಶುಚಿ ಮಾಡಬೇಕು, ತೀರಾ ಹಗುರ ತೋಟಾಗೆ ಕೆಲವು ಸರಿಯಾಗಿ ಓಡಲ್ಲ. ಅದಕ್ಕೇ ಗೊತ್ತಿರೋರಿಗೆ ತೋರಿಸದೆ ದುಡ್ಡು ಕೊಡಬೇಡಿ.

ನಳಿಗೆ 28 ಇಂಚಿನ ಆಸುಪಾಸು ಇರಲಿ. ಮನೆ ಕಾವಲಿಗೆ ಅಂತ ಮಾರೋ 18.5 ಇಂಚಿನದ್ದು ಇನ್ನೂ ಅಗ್ಗಕ್ಕೆ ಸಿಗಬಹುದು. ಆದರೆ ಹಾರೋ ಬಿಲ್ಲೆಯ ಜೊತೆ ನಿಧಾನವಾಗಿ ತಿರುಗಿಸೋಕೆ ಅದು ಒಗ್ಗಲ್ಲ.

12 ಬೋರಾ, 20 ಬೋರಾ? ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದಪ್ಪ. ಸಣ್ಣ ಮೈಕಟ್ಟಿನವರು ಹಗುರ ಅಂತ 20 ತಗೋತಾರೆ. ಆದರೆ ಅದೇ ಭಾರದ ತೋಟಾ ಹಾಕಿದರೆ ಹಗುರ ಕೋವಿಯೇ ಜಾಸ್ತಿ ಒದೆಯೋದು. ತೂಕ ಇರೋ 12 ಬೋರಿಗೆ ಹಗುರ ಟಾರ್ಗೆಟ್ ತೋಟಾ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಎರಡೂ ಬಗೆಯ ತೋಟಾ ಒಂದೇ ಜೇಬಲ್ಲಿ ಇಡ್ಲೇಬೇಡಿ. 20ರದ್ದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತೆ, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೇ ಸಿಡಿಯುತ್ತೆ. 20ರ ತೋಟಾಗೆ ಹಳದಿ ಬಣ್ಣ ಕೊಡೋದು ಇದಕ್ಕೇ.

ಭಾಗ 4: ಬ್ರ್ಯಾಂಡ್‌ಗಿಂತ ಅಳತೆ ದೊಡ್ಡದು

ಶಾಟ್‌ಗನ್ನಿನ ಹಿಂದಿನ ಗುರಿಕಣ್ಣು ಅಂದ್ರೆ ನಿಮ್ಮ ಕಣ್ಣೇ. ಅಂಗಡಿಯವರನ್ನ ಕೇಳಿ, ಕೋವಿ ಖಾಲಿ ಇರೋದನ್ನ ನೀವೇ ನೋಡಿ, ಅವರು ಹೇಳಿದ ಕಡೆಗೇ ತಿರುಗಿಸಿ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ನೇರವಾಗಿ ಕಂಡರೆ ನಿಮ್ಮ ಮೈಗೆ ಸರಿ. ಕತ್ತು ಬಗ್ಗಿಸಿ ಹುಡುಕಬೇಕಾಯ್ತಾ? ಎಷ್ಟೇ ಅಗ್ಗ ಆದರೂ ವಾಪಸ್ ಕೊಡಿ.

ಬಜೆಟ್‌ನಲ್ಲಿ ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ಬೀಗ ಇರೋ ಪೆಟ್ಟಿಗೆ ಮೊದಲ ಸಾಲಲ್ಲಿ ಬರಲಿ. ರೂಮ್‌ಮೇಟ್‌ಗಳಿದ್ದರೆ ಅವರ ಒಪ್ಪಿಗೆ ಕೇಳಿ, ಬಾಡಿಗೆ ಕರಾರನ್ನೂ ಓದಿ. ನಾಲ್ಕು ಜನ ಇರೋ ಮನೆಗೆ ಒಬ್ಬರೇ ತೀರ್ಮಾನ ಮಾಡಿ ಕೋವಿ ತರೋದು ನನ್ನ ಪ್ರಕಾರ ತಪ್ಪು.

ವರ್ಷಕ್ಕೆ ನಾಲ್ಕು ಸಲ ಮಾತ್ರ ಆಡ್ತೀರಾ? ಕೊಳ್ಳಲೇಬೇಡಿ ಕಣ್ರೋ. ಕಾಗದಪತ್ರ ಸರಿ ಇದ್ದರೆ ಕ್ಲಬ್‌ನ ಬಾಡಿಗೆ ಕೋವಿ ಧಾರಾಳ ಸಾಕು.

ಬೇರೆ ಅಭಿಪ್ರಾಯ ಇದ್ದರೆ ಕಾಮೆಂಟ್ ಹಾಕಿ, ಜಗಳ ಆಡೋಣ. ಎಫ್-1ನಲ್ಲಿ ಇರೋ ಗೆಳೆಯರಿಗೆ ಮಾತ್ರ ಭಾಗ 1 ಇವತ್ತೇ ಕಳಿಸಿ.

#ಕೋವಿಮಾತು #ಕ್ಲೇಶೂಟಿಂಗ್ #ಅಮೆರಿಕದಲ್ಲಿಕನ್ನಡಿಗರು